ಮೊದಲೇ ಒಪ್ಪಿಕೊಂಡದ್ದು: ವಚನ, ಮುದ್ರಣಾಲಯ ಮತ್ತು ನಂಬಿಕೆಯ ಸಮರ್ಥನೆ

ವಚನ ಸಾಹಿತ್ಯದ ಆಧುನಿಕ ಚರಿತ್ರೆಯನ್ನು ಹೇಳುವಾಗ ಕನ್ನಡ ಅಧ್ಯಾಪಕರು ತಪ್ಪದೆ ನೆನೆಯುವ ಪ್ರಸಂಗವೊಂದಿದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಹಲವು ವರ್ಷ ಊರೂರು ಅಲೆದು ತಾಳೆಗರಿಗಳನ್ನು ಕಲೆಹಾಕಿ, ವಚನಗಳನ್ನು ವಿಷಯವಾರು ವಿಂಗಡಿಸಿ, ಸಿದ್ಧಪಡಿಸಿದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದರು. ಕೆಲವು ಕಾಲದ ಮೇಲೆ ಅದು ಅಚ್ಚಾಗದೆ ಹಿಂದಿರುಗಿತು. ಕ್ರೈಸ್ತ ಧರ್ಮ ಬೋಧಿಸುವ ತತ್ವಗಳೇ ಇದರಲ್ಲಿಯೂ ಇರುವುದರಿಂದ ಇದನ್ನು ಅಚ್ಚುಮಾಡಿದರೆ ತಮ್ಮ ಮತಪ್ರಸಾರಕ್ಕೆ ತೊಡಕಾಗುವುದೆಂದು ಅಲ್ಲಿಯವರು ಕಾರಣ ಕೊಟ್ಟರೆಂಬುದು ಹಳಕಟ್ಟಿಯವರ ಜೀವನವೃತ್ತಾಂತಗಳಲ್ಲಿ ಹೇಳಿಕೊಂಡು ಬಂದ ಮಾತು. ಮುಂದೆ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಗಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. 1925ರಲ್ಲಿ ಅವರು ವಿಜಯಪುರದಲ್ಲಿ ತಮ್ಮದೇ ಆದ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ಹಿಂದಿರುಗಿದ ಒಂದು ಹಸ್ತಪ್ರತಿಯ ಬೆನ್ನಿಗೆ ಒಂದು ಯುಗವೇ ಬಂದಂತಾಯಿತು.

ತಿಕೋಟಾದಲ್ಲಿ ಮನೆ ಮಾಡಿಕೊಂಡು ಬಬಲೇಶ್ವರದ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದ ಅಧ್ಯಾಪಕನೊಬ್ಬನಿಗೆ ಈ ಪ್ರಸಂಗ ಬಾಯಿಪಾಠವಾಗಿತ್ತು. ಈಚೆಗೆ ತಾಲ್ಲೂಕು ಕೇಂದ್ರಗಳಾದ ಈ ಎರಡು ಊರುಗಳ ನಡುವೆ ವಿಜಯಪುರದ ಮೇಲೆ ಹಾಯ್ದು ಬಸ್ಸಿನಲ್ಲಿ ಓಡಾಡುವುದು ಆತನ ನಿತ್ಯದ ಕ್ರಮ. ಕಿಟಕಿಯಾಚೆ ದ್ರಾಕ್ಷಿ ತೋಟಗಳು, ಮಣೂಕ ಒಣಗಿಸುವ ಶೆಡ್ಡುಗಳು ಹಿಂದೆ ಸರಿಯುತ್ತಿರುವಾಗ ಆತ ಅಂದಿನ ಪಾಠವನ್ನು ಮನಸ್ಸಿನಲ್ಲಿ ಹೊಂದಿಸಿಕೊಳ್ಳುತ್ತಿದ್ದ. ಪ್ರತಿ ವರ್ಷ ವಚನ ಸಾಹಿತ್ಯದ ಮೊದಲ ತರಗತಿ ಮುದ್ರಣಾಲಯದ ಕಥೆಯಿಂದಲೇ ಆರಂಭವಾಗುತ್ತಿತ್ತು. ಕಥೆ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳ ಮುಖ ಅರಳುತ್ತಿತ್ತು. ವಚನಗಳ ಹಿರಿಮೆಯನ್ನು ಬೇರೆ ಯಾವ ಬಗೆಯಿಂದಲೂ ಅಷ್ಟು ಬೇಗ ಮನಗಾಣಿಸಲು ಸಾಧ್ಯವಿಲ್ಲವೆಂದು ಆತ ನಂಬಿದ್ದ. ಎದುರಾಳಿಯೇ ಕೊಟ್ಟ ಪ್ರಮಾಣಪತ್ರಕ್ಕಿಂತ ದೊಡ್ಡ ಸಾಕ್ಷ್ಯ ಯಾವುದಿದೆ?

ಒಂದು ವರ್ಷ ಆ ತರಗತಿ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಪಡಸಾಲೆಯಲ್ಲಿ ಆತನನ್ನು ತಡೆದು ನಿಲ್ಲಿಸಿದಳು. ಆಕೆಯದು ಎರಡು ಮೂರು ತಲೆಮಾರುಗಳಿಂದ ಕ್ರೈಸ್ತರಾಗಿರುವ ಮನೆತನ.

“ಸರ, ಒಂದ ಮಾತ ಕೇಳಲೇನ್ರಿ? ಆ ಛಾಪಖಾನಿಯವ್ರು ವಚನ ಸುಳ್ಳು ಅಂತ ವಾಪಸ್ ಕಳಿಸಿದ್ರೋ, ಖರೆ ಅಂತ ವಾಪಸ್ ಕಳಿಸಿದ್ರೋ?”

ಅಧ್ಯಾಪಕ ನಕ್ಕು, ಖರೆ ಅಂತ ಗೊತ್ತಾಗಿಯೇ ಹೆದರಿ ಕಳಿಸಿದರು ಎಂದ. ಆಕೆ ನಗಲಿಲ್ಲ.

“ಹಂಗಾದ್ರ ಅವ್ರ ಧರ್ಮದಾಗೂ ಖರೆ ಐತಿ ಅಂದಂಗ ಆತಲ್ರಿ. ಎರಡೂ ಒಂದ ಮಾತ ಹೇಳಿದ್ರ ಒಂದು ಗೆದ್ದು ಒಂದು ಸೋಲೂದು ಹೆಂಗ್ರಿ?” ಸ್ವಲ್ಪ ತಡೆದು, “ನಮ್ಮ ಮನ್ಯಾಗ ಬಸವಣ್ಣನ ವಚನ ಎಲ್ಲಾರಿಗೂ ಬಾಯಿಪಾಠ ಅದಾವ್ರಿ. ಆದ್ರ ನೀವು ಆ ಕಥಿ ಹೇಳಾಗ ಎಲ್ಲಾರೂ ತಿರಗಿ ನನ್ನ ಕಡೆ ನೋಡ್ತಾರ್ರಿ” ಎಂದಳು.

ಅಂದು ಸಂಜೆಯ ಬಸ್ಸಿನಲ್ಲಿ ಆತನ ಮನಸ್ಸು ಪಾಠ ಹೊಂದಿಸಲಿಲ್ಲ. ಹತ್ತಾರು ವರ್ಷ ಹೇಳಿಕೊಂಡು ಬಂದ ಕಥೆಯೊಂದು ತನ್ನ ಕೈಯಲ್ಲಿ ಏನು ಮಾಡುತ್ತಿತ್ತು ಎಂಬುದು ಆತನಿಗೆ ಮೊದಲ ಬಾರಿಗೆ ಕಾಣತೊಡಗಿತು. ಆ ಕಾಗದವನ್ನು ಆತ ಕಂಡವನಲ್ಲ. ಆದರೂ ಪ್ರತಿ ವರ್ಷ ಅದರ ಮಾತುಗಳನ್ನು ಕಣ್ಣಾರೆ ಓದಿದವನಂತೆ ಉದ್ಧರಿಸುತ್ತಿದ್ದ. ಮೌಖಿಕ ಪರಂಪರೆಯ ಆಕರವನ್ನು ಹೇಗೆ ಬಳಸಬೇಕೆಂದು ತನ್ನ ವಿದ್ಯಾರ್ಥಿಗಳಿಗೆ ಬೋಧಿಸುತ್ತಿದ್ದ ಆತ ತನ್ನ ಪ್ರೀತಿಯ ಕಥೆಗೆ ಮಾತ್ರ ಆ ನಿಯಮವನ್ನು ಅನ್ವಯಿಸಿರಲಿಲ್ಲ. ಕಥೆ ನಡೆದದ್ದೇ ಎಂದು ಇಟ್ಟುಕೊಂಡರೂ ವಿದ್ಯಾರ್ಥಿನಿಯ ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು. ಅದು ಕಥೆಯ ಸತ್ಯಾಸತ್ಯತೆಯ ಪ್ರಶ್ನೆಯಾಗಿರಲಿಲ್ಲ; ಕಥೆಗೆ ಬಲ ಕೊಡುವ ಪೂರ್ವಗ್ರಹಿಕೆಗಳ ಪ್ರಶ್ನೆಯಾಗಿತ್ತು.

ಮುದ್ರಣಾಲಯದ ನಿರಾಕರಣೆಯ ಹಿಂದೆ ಕನಿಷ್ಠ ಎರಡು ಪೂರ್ವಗ್ರಹಿಕೆಗಳಿವೆ. ಒಂದು, ವಚನಗಳು ಮತ್ತು ಸುವಾರ್ತೆ ಒಂದೇ ಬಗೆಯ ಹಸಿವಿಗೆ ಉಣಿಸುತ್ತವೆ. ಹಾಗಾಗಿ ಒಂದು ದೊರೆತರೆ ಇನ್ನೊಂದು ಬೇಡವಾಗುತ್ತದೆ. ಇನ್ನೊಂದು, ಸತ್ಯವೆಂಬುದು ಒಂದು ಸಂಸ್ಥೆಯ ಸೊತ್ತು. ಅದು ಬೇರೆಡೆ ಕಂಡುಬಂದರೆ ಸೊತ್ತಿನ ಬೆಲೆ ಇಳಿಯುತ್ತದೆ. ಸೋಜಿಗವೆಂದರೆ, ಅದೇ ಕಥೆಯನ್ನು ಹೆಮ್ಮೆಯಿಂದ ಹೇಳುವ ಅಧ್ಯಾಪಕನೂ ಈ ಎರಡನ್ನೂ ಒಪ್ಪಿಕೊಂಡೇ ಹೇಳುತ್ತಾನೆ. ಮಾಲೀಕ ಯಾರೆಂಬ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯ. ನಿರಾಕರಿಸಿದವರೂ ನಿರಾಕರಣೆಯನ್ನು ಸಂಭ್ರಮಿಸಿದವರೂ ಒಂದೇ ನೆಲೆಯಲ್ಲಿ ನಿಂತಿದ್ದರು.

ಕ್ರೈಸ್ತ ನಂಬಿಕೆಯ ಸಮರ್ಥನೆಯ ಇತಿಹಾಸದಲ್ಲಿ ಈ ನೆಲೆಯ ಪ್ರಶ್ನೆ ಹೊಸದಲ್ಲ. ಅಲ್ಲಿ ಎರಡು ಮಾರ್ಗಗಳು ಸ್ಥೂಲವಾಗಿ ಕಾಣುತ್ತವೆ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನಂಥವರು, ನಂಬುವವನಿಗೂ ನಂಬದವನಿಗೂ ಸಮಾನವಾದ ಬುದ್ಧಿಯ ನೆಲವೊಂದಿದೆ, ಅಲ್ಲಿಂದ ತರ್ಕದ ಮೆಟ್ಟಿಲುಗಳನ್ನು ಹತ್ತಿ ದೇವರ ಅಸ್ತಿತ್ವದವರೆಗೆ ಬರಬಹುದು ಎಂದರು. ಅದಕ್ಕೂ ಹಿಂದೆ, ಹನ್ನೊಂದನೆಯ ಶತಮಾನದ ಅನ್ಸೆಲ್ಮ್ ಅರಿಯುವುದಕ್ಕಾಗಿಯೇ ನಂಬಬೇಕು ಎಂಬ ಕ್ರಮವನ್ನು ಮುಂದಿಟ್ಟಿದ್ದ. ಇಪ್ಪತ್ತನೆಯ ಶತಮಾನದಲ್ಲಿ ಈ ಎರಡನೆಯ ದಾರಿಯನ್ನು ಅದರ ಕೊನೆಯವರೆಗೂ ಒಯ್ದವನು ಕಾರ್ನೀಲಿಯಸ್ ವಾನ್ ಟಿಲ್ (1895–1987). ನೆದರ್ಲೆಂಡ್ಸಿನಲ್ಲಿ ಹುಟ್ಟಿ, ಅಮೆರಿಕದ ಫಿಲಡೆಲ್ಫಿಯಾದ ವೆಸ್ಟ್‌ಮಿನ್‌ಸ್ಟರ್ ದೈವಜ್ಞಾನ ಶಾಲೆಯಲ್ಲಿ ದಶಕಗಳ ಕಾಲ ಬೋಧಿಸಿದ ಈತ 1955ರಲ್ಲಿ ನಂಬಿಕೆಯ ಸಮರ್ಥನೆಯನ್ನೇ ಹೆಸರಾಗಿಸಿಕೊಂಡ ಗ್ರಂಥವನ್ನು ಪ್ರಕಟಿಸಿದ.

ವಾನ್ ಟಿಲ್‌ನ ವಾದದ ಸಾರ ಇಷ್ಟು: ತಟಸ್ಥವಾದ ನೆಲವೆಂಬುದೇ ಇಲ್ಲ. ಪ್ರತಿಯೊಬ್ಬನೂ ಯಾವುದೋ ಒಂದು ಅಂತಿಮ ಪ್ರಮಾಣವನ್ನು ಮೊದಲೇ ಒಪ್ಪಿಕೊಂಡು ವಾದಕ್ಕಿಳಿಯುತ್ತಾನೆ. ಸಾಕ್ಷ್ಯ ಯಾವುದು, ಯಾವುದಲ್ಲ ಎಂಬುದನ್ನೂ ಆ ಮೊದಲ ಒಪ್ಪಿಗೆಯೇ ನಿರ್ಧರಿಸುತ್ತದೆ. ಆದುದರಿಂದ ಕ್ರೈಸ್ತನು ತನ್ನ ನಂಬಿಕೆಯನ್ನು ಬದಿಗಿಟ್ಟು ವಾದಿಸುವೆನೆನ್ನುವುದು ಆತ್ಮವಂಚನೆ. ಬದಲಾಗಿ ಆತ, ತರ್ಕದ ನಿಯಮ, ನೀತಿಯ ಬದ್ಧತೆ, ಪ್ರಕೃತಿಯ ಕ್ರಮಬದ್ಧತೆ ಇವುಗಳೆಲ್ಲ ಅರ್ಥಪೂರ್ಣವಾಗಬೇಕಾದರೆ ತ್ರಿಯೇಕ ದೇವರನ್ನು ಮೊದಲೇ ಒಪ್ಪಿರಬೇಕು ಎಂದು ತೋರಿಸಬೇಕು. 1985ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಆವರಣದಲ್ಲಿ ನಿರೀಶ್ವರವಾದಿ ಗಾರ್ಡನ್ ಸ್ಟೈನ್‌ನೊಡನೆ ನಡೆದ ಚರ್ಚೆಯಲ್ಲಿ ಗ್ರೆಗ್ ಬಾನ್ಸೆನ್ ಹಿಡಿದದ್ದು ಇದೇ ದಾರಿಯನ್ನು. ದೇವರಿಗೆ ಸಾಕ್ಷ್ಯ ಕೊಡುವ ಬದಲು, ಸಾಕ್ಷ್ಯ ಕೇಳಲು ನೀನು ಬಳಸುವ ತರ್ಕಕ್ಕೆ ನಿನ್ನಲ್ಲಿ ಆಧಾರವೇನಿದೆ ಎಂದು ಆತ ತಿರುಗಿ ಕೇಳಿದ.

ಈ ವಿಚಾರಕ್ಕೆ ಕನ್ನಡದ ವಿದ್ವತ್ತಿನಲ್ಲಿ ಹೆಸರಿಲ್ಲದೆ ಇಲ್ಲ. ಗೌತಮನ ನ್ಯಾಯಸೂತ್ರಗಳು ಸಿದ್ಧಾಂತವನ್ನು ನಾಲ್ಕಾಗಿ ವಿಂಗಡಿಸುತ್ತವೆ. ಎಲ್ಲ ಶಾಸ್ತ್ರಗಳೂ ಒಪ್ಪುವುದು ಸರ್ವತಂತ್ರ; ಒಂದು ಶಾಸ್ತ್ರಕ್ಕೆ ಮಾತ್ರ ಒಪ್ಪಿತವಾದದ್ದು ಪ್ರತಿತಂತ್ರ; ಯಾವುದನ್ನು ಒಪ್ಪಿದರೆ ಬೇರೆ ಹಲವು ತಾವಾಗಿಯೇ ಸಿದ್ಧಿಸುತ್ತವೆಯೋ ಅದು ಅಧಿಕರಣ; ಪರೀಕ್ಷೆಗಾಗಿ ತಾತ್ಕಾಲಿಕವಾಗಿ ಒಪ್ಪಿಕೊಂಡದ್ದು ಅಭ್ಯುಪಗಮ. ಅಕ್ವಿನಾಸನ ಮಾರ್ಗ ಸರ್ವತಂತ್ರದಿಂದ ಹೊರಡಲು ಬಯಸುತ್ತದೆ. ವಾನ್ ಟಿಲ್‌ನದು ತನ್ನ ಪ್ರತಿತಂತ್ರವನ್ನೇ ಸಕಲ ಅರಿವಿನ ಅಧಿಕರಣವೆಂದು ಸ್ಥಾಪಿಸುವ ಪ್ರಯತ್ನ. ಹೀಗೆ ಇಟ್ಟು ನೋಡಿದಾಗ ಅದರ ಶಕ್ತಿಯೂ ತೊಡಕೂ ಒಟ್ಟಿಗೇ ಕಾಣುತ್ತವೆ. ಯಾವ ಓದೂ ಬರಿಗೈಯಲ್ಲಿ ಆರಂಭವಾಗುವುದಿಲ್ಲ ಎಂಬುದು ಅದರ ಶಕ್ತಿ. 1960ರಲ್ಲಿ ಗಾಡಮರ್ ಪೂರ್ವಗ್ರಹವಿಲ್ಲದೆ ತಿಳಿವಳಿಕೆಯೇ ಇಲ್ಲವೆಂದು ಬೇರೊಂದು ಉದ್ದೇಶದಿಂದ ಹೇಳಿದುದೂ ಇದಕ್ಕೆ ಹತ್ತಿರದ್ದೇ. ತೊಡಕೆಂದರೆ, ಇದೇ ವಾದವನ್ನು ಬೇರೆಯವರೂ ಹೂಡಬಲ್ಲರು. ವೇದವು ಅಪೌರುಷೇಯ, ಅದರ ಪ್ರಾಮಾಣ್ಯ ಸ್ವತಃಸಿದ್ಧ ಎಂದು ಕುಮಾರಿಲ ಭಟ್ಟ ವಾದಿಸಿದಾಗ ಆತನೂ ಪ್ರಮಾಣವನ್ನು ಮತ್ತೊಂದು ಪ್ರಮಾಣದಿಂದ ಅಳೆಯಲಾಗದೆಂಬ ನೆಲೆಯಲ್ಲಿಯೇ ನಿಂತಿದ್ದ. ವರ್ತುಲ ತರ್ಕವೆಂಬ ಆಕ್ಷೇಪಕ್ಕೆ ವಾನ್ ಟಿಲ್, ಅಂತಿಮ ಪ್ರಮಾಣದ ವಿಷಯದಲ್ಲಿ ಎಲ್ಲರ ತರ್ಕವೂ ವರ್ತುಲವೇ ಎಂದು ಉತ್ತರಿಸುತ್ತಾನೆ. ಉತ್ತರ ಪ್ರಾಮಾಣಿಕವಾದದ್ದು. ಆದರೆ ಎರಡು ವರ್ತುಲಗಳು ಎದುರುಬದುರಾದಾಗ ಮುಂದೇನು ಎಂಬುದನ್ನು ಅದೊಂದೇ ಹೇಳಲಾರದು.

ಇಂಥ ಮುಖಾಮುಖಿಗೆ ವಿಜಯಪುರವೇ ಒಮ್ಮೆ ಸಾಕ್ಷಿಯಾಗಿತ್ತು. 1561ರಲ್ಲಿ ಮೊದಲನೆಯ ಅಲಿ ಆದಿಲ್‌ಶಾಹನ ಕೋರಿಕೆಯ ಮೇರೆಗೆ ಗೋವೆಯಿಂದ ಜೆಸ್ವಿತ್ ಪಾದ್ರಿ ಗೊನ್ಸಾಲೊ ರೊಡ್ರಿಗಸ್ ಡೊಮಿನಿಕನ್ ಪಾದ್ರಿಯೊಬ್ಬನೊಡನೆ ಆಸ್ಥಾನಕ್ಕೆ ಬಂದಿದ್ದ. ಗ್ರಂಥಭಂಡಾರದ ಮೇಲ್ವಿಚಾರಣೆಗೆ ವಾಮನ ಪಂಡಿತನನ್ನು ನೇಮಿಸಿಕೊಂಡಿದ್ದ ಈ ಸುಲ್ತಾನನಿಗೆ ಅನ್ಯಮತಗಳ ವಿಚಾರ ಕುತೂಹಲದ ವಿಷಯವಾಗಿತ್ತು. ಆದರೆ ಕುತೂಹಲ ಅರಸನ ಮತವನ್ನು ಬದಲಿಸಲಿಲ್ಲ. ಏಕದೇವ, ಪ್ರವಾದಿಗಳು, ಮರಿಯಮ್ಮನ ಮಗ ಈಸಾ ಇವಿಷ್ಟೂ ಇಸ್ಲಾಮಿಗೂ ಕ್ರೈಸ್ತಕ್ಕೂ ಸಮಾನವಾದ ಹೆಸರುಗಳು. ಹೆಸರು ಸಮಾನವಾದ ಮಾತ್ರಕ್ಕೆ ನೆಲ ಸಮಾನವಾಗುವುದಿಲ್ಲ. ದೇವಪುತ್ರನೆಂಬ ಮಾತು ಒಬ್ಬನಿಗೆ ನಂಬಿಕೆಯ ಮೂಲ, ಇನ್ನೊಬ್ಬನಿಗೆ ಏಕದೇವತತ್ವಕ್ಕೇ ಒದಗಿದ ಭಂಗ. ಹತ್ತಿರದ ನೆರೆಯವರೊಡನೆಯೇ ವಾದ ಬೇಗ ನಿಲ್ಲುವುದಕ್ಕೆ ಕಾರಣ ಇದೇ ಇರಬೇಕು: ಒಪ್ಪಿತವೆಂದು ತೋರುವ ಪದದೊಳಗೆ ಒಪ್ಪದಿರುವುದು ಅಡಗಿರುತ್ತದೆ.

ಬಾಸೆಲ್ ಮಿಷನ್ನಿನ ಕನ್ನಡ ಬರವಣಿಗೆಯನ್ನು ಈ ದೃಷ್ಟಿಯಿಂದ ನೋಡಿದರೆ ಅದು ಏಕಮುಖವಾಗಿ ಕಾಣುವುದಿಲ್ಲ. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಂಡ್ ಕಿಟ್ಟೆಲ್ 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ಯಾಗಿ ಕನ್ನಡದ ಛಂದಸ್ಸಿನಲ್ಲಿ ಬರೆದ. 1872ರ ‘ಯಜ್ಞಸುಧಾನಿಧಿ’ಯಲ್ಲಿ ವೈದಿಕ ಯಜ್ಞದ ಕಲ್ಪನೆಯನ್ನು ಎತ್ತಿಕೊಂಡು ಓದುಗನನ್ನು ಕ್ರಿಸ್ತನ ಬಲಿಯ ಕಡೆಗೆ ಕರೆದೊಯ್ದ. ಇದು ನ್ಯಾಯಶಾಸ್ತ್ರದ ಅಭ್ಯುಪಗಮದ ರೀತಿ: ಎದುರಾಳಿಯ ಮನೆಯ ಬಾಗಿಲಿನಿಂದ ಒಳಗೆ ಹೋಗಿ ತನ್ನ ಬಾಗಿಲಿನಿಂದ ಹೊರಗೆ ತರುವುದು. ಇಲ್ಲಿ ಯಜ್ಞಕ್ಕೆ ಗೌರವವಿದೆ, ಆದರೆ ಅದು ನೆರಳಿಗೆ ಸಲ್ಲುವ ಗೌರವ. ವಸ್ತು ಬೇರೆಡೆ ಇದೆಯೆಂಬುದು ಮೊದಲೇ ಗೊತ್ತಾಗಿದೆ. ಇಷ್ಟಾದರೂ 1894ರಲ್ಲಿ ಹೊರಬಂದ ಕಿಟ್ಟೆಲ್ಲನ ನಿಘಂಟು ಯಾವ ಪದವನ್ನೂ ನೆರಳೆಂದು ಹೊರಗಿಡಲಿಲ್ಲ. ಒಬ್ಬನೇ ವ್ಯಕ್ತಿಯ ಕೈಯಲ್ಲಿ ಒಂದು ಪೂರ್ವಗ್ರಹಿಕೆ ಕಿರುಹೊತ್ತಿಗೆಯಲ್ಲಿ ಒಂದು ಬಗೆಯಾಗಿ, ನಿಘಂಟಿನಲ್ಲಿ ಇನ್ನೊಂದು ಬಗೆಯಾಗಿ ದುಡಿಯಿತು.

ರಜೆಯ ದಿನವೊಂದರಲ್ಲಿ ವಿಜಯಪುರದ ಗ್ರಂಥಾಲಯದಲ್ಲಿ ಕುಳಿತಿದ್ದ ಅಧ್ಯಾಪಕನಿಗೆ ವಿದ್ಯಾರ್ಥಿನಿಯ ಪ್ರಶ್ನೆಯ ಎದುರು ನಿಲ್ಲಬಲ್ಲ ಹೆಸರೊಂದು ಹೊಳೆಯಿತು. ಹೊಳೆಯಲು ಇಷ್ಟು ತಡವಾದುದಕ್ಕೆ ಆತ ನಾಚಿಕೊಂಡ. ಉತ್ತಂಗಿ ಚನ್ನಪ್ಪ (1881–1962) ಬಾಸೆಲ್ ಮಿಷನ್ನಿನಲ್ಲಿ ಪಾದ್ರಿಯಾಗಿ ದುಡಿದವರು. ‘ವಚನಶಾಸ್ತ್ರಸಾರ’ ಹೊರಬಂದ ಮರುವರ್ಷ, 1924ರಲ್ಲಿ, ಊರೂರು ತಿರುಗಿ ಸಂಗ್ರಹಿಸಿದ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದವರು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅನುಭವ ಮಂಟಪವೆಂಬುದು ನಿಜವಾಗಿ ಇತ್ತೇ ಎಂಬ ಸಂಶಯಗಳು ವಿದ್ವಾಂಸರಲ್ಲಿ ಎದ್ದಾಗ, ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದವರೂ ಇವರೇ. ಶರಣರ ಸಂಸ್ಥೆಯೊಂದರ ಪರವಾಗಿ ವಾದ ಹೂಡಿದವನು ಕ್ರೈಸ್ತ ಪಾದ್ರಿ ಎಂಬ ಸಂಗತಿ ಮುದ್ರಣಾಲಯದ ಕಥೆಯ ಪಕ್ಕದಲ್ಲಿಯೇ ಇರಬೇಕಾಗಿತ್ತು. ಅಧ್ಯಾಪಕನ ಪಾಠದಲ್ಲಿ ಅವೆರಡೂ ಎಂದೂ ಒಂದೇ ದಿನ ಬಂದಿರಲಿಲ್ಲ. ಉತ್ತಂಗಿಯವರು ಸರ್ವಜ್ಞನ ಪಾಠದ ದಿನ ಮಾತ್ರ ಬರುತ್ತಿದ್ದರು, ಅದೂ ಸಂಪಾದಕರಾಗಿ. ಅವರ ನಂಬಿಕೆಯ ಪ್ರಸ್ತಾಪ ಅಲ್ಲಿ ಇರುತ್ತಿರಲಿಲ್ಲ.

ಉತ್ತಂಗಿಯವರಿಗೆ ಪೂರ್ವಗ್ರಹಿಕೆಗಳಿರಲಿಲ್ಲವೆಂದು ಇದರ ಅರ್ಥವಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಅವರ ಕೃತಿಯ ಹೆಸರೇ ಅವರು ಎಲ್ಲಿ ನಿಂತು ಮಾತನಾಡುತ್ತಿದ್ದರೆಂಬುದನ್ನು ಹೇಳುತ್ತದೆ. ಅವರು ಬೆತ್ಲೆಹೇಮನ್ನು ಬಿಟ್ಟು ಬರಲಿಲ್ಲ. ಆದರೆ ವಿನಂತಿಸುವವನು ಎದುರಿನವನಿಗೆ ಕಿವಿಯಿದೆ, ಮಾತಿದೆ, ಮರುತ್ತರ ಕೊಡುವ ಹಕ್ಕಿದೆ ಎಂಬುದನ್ನೂ ಮೊದಲೇ ಒಪ್ಪಿಕೊಂಡಿರುತ್ತಾನೆ. ವಚನಗಳಲ್ಲಿ ಸತ್ಯ ಕಂಡರೆ ಮುದ್ರಣಾಲಯದ ಪೂರ್ವಗ್ರಹಿಕೆಗೆ ಅಪಾಯವಿತ್ತು. ಉತ್ತಂಗಿಯವರ ಪೂರ್ವಗ್ರಹಿಕೆಗೆ ಅದು ಕೆಲಸವನ್ನು ಒದಗಿಸಿತು. ದೇವರು ಸಕಲರ ದೇವರಾಗಿದ್ದರೆ ಆತನ ಮಾತು ಕನ್ನಡದಲ್ಲಿಯೂ ಕೇಳಿಸಿರಬೇಕು ಎಂಬುದು ಕ್ರೈಸ್ತ ನಂಬಿಕೆಯೊಳಗಿಂದಲೇ ಹೊರಡಬಹುದಾದ ಅಧಿಕರಣ. ಒಂದೇ ನಂಬಿಕೆಯಿಂದ ನಿರಾಕರಣೆಯೂ ಹೊರಟಿತು, ಸಂಪಾದನೆಯೂ ಹೊರಟಿತು. ಹೀಗಾಗಿ ಒಬ್ಬನ ಪೂರ್ವಗ್ರಹಿಕೆ ಯಾವುದೆಂದು ಹೆಸರಿಸಿದ ಮಾತ್ರಕ್ಕೆ ಆತ ಏನು ಕಾಣಬಲ್ಲ, ಏನು ಕಾಣಲಾರ ಎಂಬುದು ತೀರ್ಮಾನವಾಗುವುದಿಲ್ಲ.

ಎರಡು ವರ್ತುಲಗಳು ಎದುರಾದಾಗ ಮುಂದೇನು ಎಂಬ ಪ್ರಶ್ನೆಗೆ ಇಲ್ಲಿ ಒಂದು ಅಳತೆಗೋಲು ದೊರೆಯುತ್ತದೆ. ಅದು ಗೆಲುವಿನ ಅಳತೆಯಲ್ಲ. ಒಂದು ಪೂರ್ವಗ್ರಹಿಕೆಯು ತನ್ನ ಹೊರಗಿರುವವನ ಒಳ್ಳೆಯ ಮಾತಿಗೆ ಎಷ್ಟು ಎಡೆ ಕೊಡುತ್ತದೆ, ಆ ಮಾತನ್ನು ತನ್ನದಾಗಿ ಕಸಿದುಕೊಳ್ಳದೆ ಅವನದಾಗಿಯೇ ಕೇಳಿಸಿಕೊಳ್ಳಬಲ್ಲುದೇ ಎಂಬ ಪರೀಕ್ಷೆ ಅದು. ಈ ಅಳತೆಗೋಲೂ ತಟಸ್ಥವಲ್ಲವೆಂದು ವಾನ್ ಟಿಲ್ ಆಕ್ಷೇಪಿಸಬಹುದು. ನೆರೆಯವನನ್ನು ಪ್ರೀತಿಸಬೇಕೆಂಬ ಮಾತನ್ನು ನೀನು ಎಲ್ಲಿಂದ ತಂದೆ ಎಂದು ಕೇಳಬಹುದು. ಕೇಳಲಿ. ಆ ಮಾತು ಆತನ ಗ್ರಂಥದಲ್ಲಿಯೂ ಇದೆ, ಶರಣರ ನಡೆಯಲ್ಲಿಯೂ ಇದೆ. ಅದು ಸರ್ವತಂತ್ರವೆಂದು ಸಾಧಿಸಲಾಗದಿದ್ದರೂ ಎರಡು ಪ್ರತಿತಂತ್ರಗಳು ತಂತಮ್ಮ ಕಾರಣಗಳಿಗಾಗಿ ಒಪ್ಪಿಕೊಂಡ ಮಾತೆನ್ನಲು ಅಡ್ಡಿಯಿಲ್ಲ. ಒಂದು ತರಗತಿ ನಡೆಯುವುದಕ್ಕೆ ಅಷ್ಟು ನೆಲ ಸಾಕು.

ಅಧ್ಯಾಪಕನಿಗೆ ಕಠಿಣವಾಗಿ ತೋರಿದ್ದು ಈ ತಾತ್ವಿಕ ಭಾಗವಲ್ಲ. ತನ್ನ ಅಳತೆಗೋಲನ್ನು ತನ್ನ ಮೇಲೆಯೇ ಇಟ್ಟುಕೊಳ್ಳುವುದು ಕಠಿಣವಾಗಿತ್ತು. ಮುದ್ರಣಾಲಯದವರು ದೂರದಲ್ಲಿದ್ದ ಒಂದು ಹಸ್ತಪ್ರತಿಯನ್ನು ಹಿಂದಿರುಗಿಸಿದ್ದರು. ಆತ ಎದುರಿನ ಬೆಂಚಿನಲ್ಲಿ ಕುಳಿತ ವಿದ್ಯಾರ್ಥಿನಿಯನ್ನು, ಅರಿಯದೆಯೇ, ವರ್ಷದ ಮೊದಲ ದಿನವೇ ಹಿಂದಿರುಗಿಸಿದ್ದ. ವಚನಗಳು ಎಲ್ಲರಿಗೂ ಸಲ್ಲುತ್ತವೆ ಎಂದು ಬಾಯಲ್ಲಿ ಹೇಳುತ್ತ, ಅವು ಯಾರಿಗೆ ಸಲ್ಲುವುದಿಲ್ಲ ಎಂಬುದನ್ನು ಕಥೆಯ ಮೂಲಕ ಹೇಳಿದ್ದ. ಇಷ್ಟು ವರ್ಷಗಳಲ್ಲಿ ಎಷ್ಟು ಮಂದಿ ಆ ಬೆಂಚಿನಲ್ಲಿ ಸುಮ್ಮನೆ ಕುಳಿತಿದ್ದರೋ ಎಂಬ ಲೆಕ್ಕ ಆತನ ಬಳಿ ಇರಲಿಲ್ಲ.

ಮುಂದಿನ ವರ್ಷ ಆತ ಕಥೆಯನ್ನು ಬಿಡಲಿಲ್ಲ. ಬಿಡುವುದು ಹಳಕಟ್ಟಿಯವರ ಶ್ರಮಕ್ಕೆ ಅನ್ಯಾಯವಾಗುತ್ತಿತ್ತು. ಇದು ಹೇಳಿಕೊಂಡು ಬಂದ ಮಾತು ಎಂದು ಮೊದಲೇ ಸ್ಪಷ್ಟಪಡಿಸಿ ಕಥೆ ಹೇಳಿದ. ಹೇಳಿ ಮುಗಿಸಿ, 1923ರ ಪುಸ್ತಕದ ಪಕ್ಕದಲ್ಲಿ 1924ರ ಪುಸ್ತಕದ ಹೆಸರನ್ನೂ ಕರಿಹಲಗೆಯ ಮೇಲೆ ಬರೆದ. ವಚನಗಳನ್ನು ಹಿಂದಿರುಗಿಸಿದವರು ಏನನ್ನು ಮೊದಲೇ ಒಪ್ಪಿಕೊಂಡಿದ್ದರು, ಸರ್ವಜ್ಞನನ್ನು ಸಂಗ್ರಹಿಸಿದವರು ಏನನ್ನು ಮೊದಲೇ ಒಪ್ಪಿಕೊಂಡಿದ್ದರು, ಈ ಕಥೆಯನ್ನು ಕೇಳಿ ನಗುವ ನಾವು ಏನನ್ನು ಮೊದಲೇ ಒಪ್ಪಿಕೊಂಡಿದ್ದೇವೆ ಎಂಬ ಮೂರು ಪ್ರಶ್ನೆಗಳನ್ನು ಅದರ ಕೆಳಗೆ ಬರೆದ. ಆ ವಿದ್ಯಾರ್ಥಿನಿ ಅಷ್ಟರಲ್ಲಿ ಮುಂದಿನ ವರ್ಷದ ತರಗತಿಯಲ್ಲಿದ್ದಳು. ಅಂದು ಆತನ ಅನುಮತಿ ಕೇಳಿ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಳು.

ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. “ಸರ, ಉತ್ತಂಗಿಯವ್ರು ಇಷ್ಟೆಲ್ಲಾ ಓದಿದ ಮ್ಯಾಲೂ ಕ್ರೈಸ್ತರಾಗೇ ಉಳದ್ರೇನ್ರಿ?”

ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ನಿಜವಾದ ಅಚ್ಚರಿಯಿತ್ತು. ಅಧ್ಯಾಪಕ ಉತ್ತರಕ್ಕೆ ತಡವರಿಸಿದ. ಹಿಂದಿನ ವರ್ಷದವರೆಗೂ ಆ ಪ್ರಶ್ನೆ ತನ್ನದೇ ಆಗಿತ್ತೆಂಬುದು ಆತನಿಗೆ ನೆನಪಾಯಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ದನಿ ಬಂತು:

“ಯಾಕ ಉಳೀಬಾರ್ದು?”

ಈ ಸಲವೂ ಎಲ್ಲರೂ ತಿರುಗಿ ಆಕೆಯ ಕಡೆ ನೋಡಿದರು. ಹುಡುಗ ಕೂಡಲೇ ಕುಳಿತುಕೊಳ್ಳಲಿಲ್ಲ. ಅಧ್ಯಾಪಕ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಆ ಎರಡು ಪ್ರಶ್ನೆಗಳನ್ನು ಅವರಿಬ್ಬರಿಗೇ ಬಿಟ್ಟುಕೊಟ್ಟ.